ಆರೂವರೆ ವರ್ಷ ಕಾದ ಹುಳದ ಆಟ

ಸೆಪ್ಟೆಂಬರ್ 4, ಗುರುವಾರ ಸಂಜೆ 7.30ಕ್ಕೆ ಸರಿಯಾಗಿ ನಾನು ಬೆಂಗಳೂರು ಶ್ರೀನಗರದ ನಮ್ಮನೆ ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಸ್ಟೋರ್ ಪೇಜ್ ರಿಫ್ರೆಶ್ ಮಾಡ್ತಾ ಇದ್ದೆ, ಪೇಜ್ ಬರ್ತಾನೇ ಇಲ್ಲ, ಒಂದ್ಸಲ ಬಂತು ಅಂದ್ರೆ ಕಾರ್ಟ್‌ಗೆ ಹಾಕೋಕೆ ಬಿಡ್ತಿಲ್ಲ, ಕಾರ್ಟ್‌ಗೆ ಹೋಯ್ತು ಅಂದ್ರೆ ಪೇಮೆಂಟ್ ಹತ್ರ ಎರರ್. ಹೊರಗಡೆ ಗಣೇಶನ ಮೆರವಣಿಗೆಯ ತಮಟೆ ಸದ್ದು, ಒಳಗಡೆ ಅಮ್ಮ ಒಗ್ಗರಣೆ ಹಾಕ್ತಾ ಅಲ್ಲಿಂದಾನೇ ಕೇಳಿದ್ರು, "ಬಂತೇನೋ ನಿಮ್ಮ ಹುಳದ ಆಟ?"

ಹುಳದ ಆಟ ಅಂದ್ರೆ ಹಾಲೋ ನೈಟ್ ಅನ್ನೋ ವಿಡಿಯೋ ಗೇಮ್. ಅದರ ಎರಡನೇದು, ಸಿಲ್ಕ್‌ಸಾಂಗ್, ಅವತ್ತು ಬಿಡುಗಡೆ. 2019ರ ಫೆಬ್ರವರಿ 14ಕ್ಕೆ ಅನೌನ್ಸ್ ಆಗಿದ್ದು, 2025ರ ಸೆಪ್ಟೆಂಬರಲ್ಲಿ ಕೈಗೆ ಬಂತು. ಲೆಕ್ಕ ಹಾಕಿದ್ರೆ ಆರೂವರೆ ವರ್ಷ. ನನ್ ತಂಗಿ ಆಗ ಒಂಬತ್ತನೇ ಕ್ಲಾಸ್, ಈಗ ಮೈಸೂರಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಅವತ್ತು ಲ್ಯಾಬ್ ಮುಗಿಸ್ಕೊಂಡು ಟ್ರೈನ್ ಹತ್ತಿದ್ಳು, ಮಾರನೇ ದಿನ ಈದ್ ಮಿಲಾದ್ ರಜ. ಹತ್ತೋಕೆ ಮುಂಚೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದು: "ಅಣ್ಣ, ಡೌನ್‌ಲೋಡ್ ಮಾಡಿಡು, ಆದ್ರೆ ನಾನು ಬರೋ ತನಕ ಓಪನ್ ಮಾಡ್ಬೇಡ."

ಶುರು ಆಗಿದ್ದು 2018ರ ಬೇಸಿಗೆ ರಜದಲ್ಲಿ. ಅವಳದ್ದು ಎಂಟನೇ ಕ್ಲಾಸ್ ಪರೀಕ್ಷೆ ಮುಗಿದಿತ್ತು, ನಂದು ಹೊಸ ಕೆಲಸ, ಎರಡನೇ ಸಂಬಳದಲ್ಲಿ ಎಸ್‌ಪಿ ರೋಡಿಗೆ ಹೋಗಿ ಒಂದು ವೈರ್ ಇರೋ ಕಂಟ್ರೋಲರ್ ತಗೊಂಡು ಬಂದಿದ್ದೆ. ಯಾರೋ ಆಫೀಸಲ್ಲಿ ಹೇಳಿದ್ರು ಅಂತ ಹಾಲೋ ನೈಟ್ ಹಾಕಿದ್ವಿ. ಮನುಷ್ಯರೇ ಇಲ್ದಿರೋ ಆಟ, ಎಲ್ಲಾ ಹುಳಗಳು, ನೆಲದ ಕೆಳಗೆ ಹಾಳು ಬಿದ್ದಿರೋ ಒಂದು ರಾಜ್ಯ, ಅದರ ಹೆಸರು ಹಾಲೋನೆಸ್ಟ್. ಮಾತಾಡದ ಒಂದು ಪುಟಾಣಿ ಹುಳ, ಕೈಯಲ್ಲಿ ಮೊಳೆಯಂಥ ಕತ್ತಿ. ಒಂದೇ ಕಂಟ್ರೋಲರ್, ಸತ್ತೋರು ಇನ್ನೊಬ್ಬರಿಗೆ ಕೊಡ್ಬೇಕು, ಅದು ನಮ್ಮನೆ ರೂಲ್.

ಆ ಆಟದಲ್ಲಿ ಸಿಟಿ ಆಫ್ ಟಿಯರ್ಸ್ ಅಂತ ಒಂದು ಊರಿದೆ. ಪೂರ್ತಿ ಊರಲ್ಲಿ ಮಳೆ, ನಿಲ್ಲೋದೇ ಇಲ್ಲ. ನಾವು ಅಲ್ಲಿಗೆ ಮೊದಲನೇ ಸಲ ಕಾಲಿಟ್ಟಿದ್ದು ಮೇ ತಿಂಗಳಲ್ಲಿ ಒಂದು ಸಂಜೆ, ಇಲ್ಲೂ ಬೆಂಗಳೂರಿನ ಸಂಜೆ ಮಳೆ ಧೋ ಅಂತ ಸುರೀತಿತ್ತು, ಸ್ವಲ್ಪ ಹೊತ್ತು ಕಿಟಕಿ ಹೊರಗಿನ ಮಳೆ ಯಾವ್ದು, ಸ್ಪೀಕರ್ ಒಳಗಿನ ಮಳೆ ಯಾವ್ದು ಗೊತ್ತೇ ಆಗ್ಲಿಲ್ಲ. ಇಬ್ರೂ ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ಕೇಳ್ತಾ ಕೂತಿದ್ವಿ. ಕ್ರಿಸ್ಟೋಫರ್ ಲಾರ್ಕಿನ್ ಅವರ ಸಂಗೀತ ಅದು, ಇವತ್ತಿಗೂ ಮಳೆ ಬಂದ್ರೆ ನಾನು ಅದನ್ನೇ ಹಾಕ್ಕೊಳ್ಳೋದು.

ಆಮೇಲೆ ಮ್ಯಾಂಟಿಸ್ ಲಾರ್ಡ್ಸ್ ಅನ್ನೋ ಮೂವರು ದೊಡ್ಡ ಶತ್ರುಗಳು. ಮೊದಲು ಒಬ್ರು ಬರ್ತಾರೆ, ಅವ್ರನ್ನ ಸೋಲಿಸಿದ್ರೆ ಉಳಿದ ಇಬ್ರೂ ಒಟ್ಟಿಗೆ ಬರ್ತಾರೆ. ನಾನು ಮೂರು ದಿನ ಸತ್ತೆ. ಅವಳು ಗೆದ್ಲು. ಗೆದ್ದ ಮೇಲೆ ಆಟ ಏನ್ ಮಾಡುತ್ತೆ ಅಂದ್ರೆ, ಅಲ್ಲೀ ತನಕ ನಮ್ಮನ್ನ ಕಂಡ ಕಂಡಲ್ಲಿ ಕೊಲ್ತಿದ್ದ ಆ ಹಳ್ಳಿಯ ಮಿಡತೆಯಂಥ ಹುಳಗಳೆಲ್ಲ ನಾವು ನಡ್ಕೊಂಡು ಹೋದ್ರೆ ನಿಂತು ತಲೆ ಬಾಗಿಸ್ತಾವೆ, ಒಂದೂ ಹೊಡೆಯಲ್ಲ. ತಂಗಿ ಅದನ್ನ ನೋಡಿ, "ಅಣ್ಣಾ, ನಮಗೆ ಮರ್ಯಾದೆ ಕೊಡ್ತಿದಾವೆ ಕಣೋ" ಅಂದ್ಲು, ಕಣ್ಣಲ್ಲಿ ನೀರಿತ್ತು. ಹದಿನಾಲ್ಕು ವರ್ಷದ ಹುಡುಗಿ. ಒಂದು ಆಟ ಇಷ್ಟು ಚಿಕ್ಕ ವಿಷಯನ ಇಷ್ಟು ಯೋಚಿಸಿ ಮಾಡಿದೆ ಅಂದ್ರೆ ಅದನ್ನ ಮಾಡಿದೋರು ಯಾರು ಅಂತ ಹುಡುಕಿದ್ದು ಅವತ್ತೇ.

ಆಸ್ಟ್ರೇಲಿಯಾದ ಅಡಿಲೇಡ್ ಊರಿನೋರು. ಟೀಮ್ ಚೆರಿ ಅಂತ ಹೆಸರು, ಆದ್ರೆ ಟೀಮ್ ಅಂದ್ರೆ ಬೆರಳೆಣಿಕೆ ಜನ. ಆರಿ ಗಿಬ್ಸನ್, ವಿಲಿಯಂ ಪೆಲ್ಲೆನ್ ಅಂತ ಇಬ್ರು ಶುರು ಮಾಡಿದ್ದು. 2014ರ ಕೊನೇಲಿ ಕಿಕ್‌ಸ್ಟಾರ್ಟರಲ್ಲಿ ಜನರ ಹತ್ರ ದುಡ್ಡು ಕೇಳಿದ್ರು, 35,000 ಆಸ್ಟ್ರೇಲಿಯನ್ ಡಾಲರ್ ಕೇಳಿದ್ದಕ್ಕೆ 57,000ಕ್ಕಿಂತ ಜಾಸ್ತಿ ಬಂತು. ದುಡ್ಡು ಜಾಸ್ತಿ ಬಂದ್ರೆ ಹಾರ್ನೆಟ್ ಅನ್ನೋ ಪಾತ್ರನೂ ಆಡೋ ಥರ ಮಾಡ್ತೀವಿ ಅಂತ ಮಾತು ಕೊಟ್ಟಿದ್ರು. ಹಾರ್ನೆಟ್ ಅಂದ್ರೆ ಮೊದಲ ಆಟದ ಗ್ರೀನ್‌ಪಾತ್ ಅನ್ನೋ ಜಾಗದಲ್ಲಿ ಕೆಂಪು ಬಟ್ಟೆ ಹಾಕ್ಕೊಂಡು ಸೂಜಿ ಹಿಡ್ಕೊಂಡು ಬಂದು "ಶಾ!" ಅಂತ ಕೂಗಿ ನಮ್ಮನ್ನ ಬಡಿದು ಹಾಕ್ತಾಳಲ್ಲ ಅವಳೇ. ಆ ಚಿಕ್ಕ ಸೇರ್ಪಡೆ ಬೆಳೆದು ಬೆಳೆದು ಒಂದು ಬೇರೆ ಆಟಾನೇ ಆಗ್ಬಿಡ್ತು, ಅದೇ ಸಿಲ್ಕ್‌ಸಾಂಗ್. 2014ರಲ್ಲಿ ದುಡ್ಡು ಹಾಕಿದೋರಿಗೆ ಅದನ್ನ ಫ್ರೀ ಆಗೇ ಕೊಡ್ತೀವಿ ಅಂದ್ರು, ಕೊಟ್ಟ ಮಾತು ಮಾತೇ ಅಂತ.

ಅನೌನ್ಸ್ ಆದ ದಿನದಿಂದ ನಮ್ಮನೇಲಿ "ಶಾ!" ಅನ್ನೋದು ಬಾಗಿಲು ತಟ್ಟೋ ಬದ್ಲು. ನಾನು ಆಫೀಸಿಂದ ಬಂದು ಕೆಳಗಿಂದ ಶಾ ಅಂದ್ರೆ ಅವಳು ಮೇಲಿಂದ ಶಾ ಅಂತಿದ್ಳು.

ಆಮೇಲೆ ಕಾಯೋದು ಶುರು ಆಯ್ತು. ವರ್ಷದಲ್ಲಿ ಮೂರ್ನಾಕು ಸಲ ದೊಡ್ಡ ಗೇಮ್ ಶೋಗಳು ನಡೀತಾವೆ, ಜೂನಿನದ್ದು ನಮಗೆ ರಾತ್ರಿ ಹತ್ತೂವರೆಗೆ, ಡಿಸೆಂಬರಿನದ್ದು ಬೆಳಗ್ಗೆ ಆರಕ್ಕೆ. ಡಿಸೆಂಬರಿನ ಆ ಚಳೀಲಿ ಒಂದೇ ರಗ್ಗು ಹೊದ್ಕೊಂಡು ಇಬ್ರೂ ಕೂತು ನೋಡ್ತಿದ್ವಿ, ಕಪ್ಪು ಪರದೆ ಬಂದು ಒಂದು ಪಿಟೀಲು ಸದ್ದು ಕೇಳಿದ್ರೆ ಸಾಕು ಎದೆ ಢವಢವ, ಆಮೇಲೆ ನೋಡಿದ್ರೆ ಅದು ಇನ್ಯಾವ್ದೋ ಆಟ. 2020ರಲ್ಲಿ ಲಾಕ್‌ಡೌನ್ ಬಂತು, ಅವಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ ಕೊನೆಗೆ ಹೋಯ್ತು, ಆ ಮೂರು ತಿಂಗಳಲ್ಲಿ ಹಾಲೋ ನೈಟ್ ಮತ್ತೆ ಎರಡು ಸಲ ಮುಗಿಸಿದ್ವಿ.

2022ರ ಜೂನ್ 12. ಅವಳ ಸಿಇಟಿಗೆ ನಾಲ್ಕೇ ದಿನ. ಓದ್ಕೋ ಅಂತ ಕೂರಿಸಿದ್ದೆ, ಆದ್ರೂ ಹತ್ತೂವರೆಗೆ ಎಕ್ಸ್‌ಬಾಕ್ಸ್ ಶೋ ಅಂತ ಇಬ್ರೂ ಹಾಕಿದ್ವಿ, ಬಂತು ನೋಡಿ ಹಾರ್ನೆಟ್! ಹೊಸ ಟ್ರೈಲರ್. ಇಲ್ಲಿ ತೋರಿಸಿದ್ದೆಲ್ಲ 12 ತಿಂಗಳೊಳಗೆ ಆಡಬಹುದು ಅಂತಾನೂ ಅಂದ್ರು. ಅವಳು ಮಂಚದ ಮೇಲೆ ನಿಂತು ಕುಣಿದ್ಲು, ಅಪ್ಪ ಎದ್ದು ಬಂದು ಲೈಟ್ ಹಾಕಿದ್ರು. 2023ರ ಮೇ ತಿಂಗಳಲ್ಲಿ ಸುದ್ದಿ ಬಂತು, ಆಟ ದೊಡ್ಡದಾಗಿದೆ, ವರ್ಷದ ಮೊದಲರ್ಧದಲ್ಲಿ ಆಗಲ್ಲ, ಹತ್ರ ಬಂದಾಗ ಹೇಳ್ತೀವಿ. ಅಷ್ಟೇ.

ಅವತ್ತು ನಂಗೆ ಎಷ್ಟು ಕೋಪ ಬಂದಿತ್ತು ಅಂದ್ರೆ ಆನ್‌ಲೈನಲ್ಲಿ ಹೋಗಿ ಅವ್ರ ಬಗ್ಗೆ ಕೆಟ್ಟದಾಗಿ ಬರೆದೆ. ಮೋಸಗಾರರು ಅಂತ. ತಂಗಿ ಅದನ್ನ ಓದಿ ಹಾಸ್ಟೆಲ್ಲಿಂದ ಫೋನ್ ಮಾಡಿದ್ಳು. "ಅಣ್ಣ, ಮೂರು ಜನ ಅವ್ರು. ನಿಮ್ಮ ಆಫೀಸಲ್ಲಿ ಒಂದು ಬಟನ್ ಬಣ್ಣ ಬದಲಾಯಿಸೋಕೆ ಎಷ್ಟು ಜನ ಮೀಟಿಂಗ್‌ಗೆ ಕೂರ್ತೀರ? ನಿಂಗೆ ಗೊತ್ತಿಲ್ವಾ ಕೆಲಸ ಹೇಗೆ ಬೆಳೆಯುತ್ತೆ ಅಂತ?" ಅಂದ್ಲು. ಗೊತ್ತಿತ್ತು. ನಾನೇ ಎಷ್ಟೋ ಸಲ ಮುಂದಿನ ವಾರ ಕೊಡ್ತೀನಿ ಅಂತ ಹೇಳಿ ತಿಂಗಳು ಎಳೆದಿದೀನಿ. ಬರೆದಿದ್ದನ್ನ ಅಳಿಸಿದೆ. ಆಮೇಲೆ ಆ ಥರ ಒಂದು ಸಾಲೂ ಬರೀಲಿಲ್ಲ. ಆದ್ರೆ ಇವತ್ತಿಗೂ ಒಂದು ವಿಷಯ ನಾನು ಒಪ್ಪಲ್ಲ, ಬರೋದು ಖಾತ್ರಿ ಇಲ್ಲದಾಗ ತಿಂಗಳ ಲೆಕ್ಕ ಹೇಳ್ಬಾರ್ದು. ಸುಮ್ನಿರೋದು ಎಷ್ಟೋ ವಾಸಿ. ಅವ್ರ ಮೌನ ನಮ್ಮನ್ನ ನೋಯಿಸ್ಲಿಲ್ಲ, ಆ 12 ತಿಂಗಳು ಅನ್ನೋ ಮಾತು ನೋಯಿಸ್ತು.

ಕಾಯೋದ್ರಲ್ಲೂ ಎಷ್ಟೋ ಥರ ಇದೆ. ನಮ್ಮ ಆಫೀಸಲ್ಲಿ ಒಬ್ರು ಹಾಫ್ ಲೈಫ್ ಅನ್ನೋ ಆಟದ ಮೂರನೇದಕ್ಕೆ ಕಾಯ್ತಿದಾರೆ, 2007ರ ಅಕ್ಟೋಬರಲ್ಲಿ ಎಪಿಸೋಡ್ ಟೂ ಬಂದು ಕಥೆ ನಡುನೀರಲ್ಲಿ ನಿಂತಿದ್ದು ಹಾಗೇ ನಿಂತಿದೆ, 2020ರಲ್ಲಿ ಅಲಿಕ್ಸ್ ಬಂತು ಆದ್ರೆ ಮೂರು ಅನ್ನೋ ನಂಬರ್ ಬರ್ಲಿಲ್ಲ. ಡ್ಯೂಕ್ ನ್ಯೂಕೆಮ್ ಫಾರೆವರ್ ಅನ್ನೋ ಆಟ 1997ರಲ್ಲಿ ಅನೌನ್ಸ್ ಆಗಿ 2011ರಲ್ಲಿ ಬಂತು, ಅಷ್ಟು ಕಾದೋರಿಗೆ ನಿರಾಸೆ ಬಿಟ್ಟು ಇನ್ನೇನೂ ಸಿಗ್ಲಿಲ್ಲ. ನನ್ನ ಗೆಳೆಯನೊಬ್ಬ ಹನುಮಂತನಗರದ ಸೈಬರ್ ಕೆಫೇಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಜಿಟಿಎ ಸರಣಿಯ ವೈಸ್ ಸಿಟಿ ಆಡ್ತಾ ಬೆಳೆದೋನು, ಈಗ ಅವನಿಗೆ ಮದುವೆ ಆಗಿ ಮಗು ಇದೆ, ಜಿಟಿಎ ಐದು ಬಂದಿದ್ದು 2013ರಲ್ಲಿ, ಆರು 2025ಕ್ಕೆ ಅಂದ್ರು, ಅದೂ 2026ಕ್ಕೆ ಹೋಯ್ತು. ಅವನ ಆಸೆ ಏನಂದ್ರೆ ಮತ್ತೆ ಆ ವೈಸ್ ಸಿಟಿ ಬೀಚ್ ರೋಡಲ್ಲಿ ಗಾಡಿ ಓಡಿಸ್ಬೇಕು, ಅಷ್ಟೇ. ನಂಗೆ ಅವನ ಕಷ್ಟ ಚೆನ್ನಾಗಿ ಅರ್ಥ ಆಗುತ್ತೆ.

2025ರ ಏಪ್ರಿಲಲ್ಲಿ ನಿಂಟೆಂಡೋದೋರು ಸ್ವಿಚ್ 2 ಅನ್ನೋ ಹೊಸ ಗೇಮ್ ಮಶೀನ್ ತೋರಿಸುವಾಗ ಕೆಲವೇ ಸೆಕೆಂಡು ಹಾರ್ನೆಟ್ ಕಾಣಿಸಿದ್ಳು, 2025 ಅಂತ ಬರೆದಿತ್ತು. ಆಗಸ್ಟ್ 21ಕ್ಕೆ ತಾರೀಖು ಹೇಳಿದ್ರು, ಎರಡೇ ವಾರ ಇದೆ ಅಂತ! ಆರು ವರ್ಷ ಕಾದೋರಿಗೆ ಹದಿನಾಲ್ಕು ದಿನದ ನೋಟಿಸ್. ಇದರ ಎದುರು ನಿಲ್ಲೋಕಾಗಲ್ಲ ಅಂತ ಎಷ್ಟೋ ಚಿಕ್ಕ ಚಿಕ್ಕ ಆಟದೋರು ತಮ್ಮ ತಾರೀಖನ್ನೇ ಮುಂದಕ್ಕೆ ಹಾಕ್ಕೊಂಡ್ರು. ಯಾಕೆ ತಡ ಆಯ್ತು ಅಂತ ಕೇಳಿದ್ದಕ್ಕೆ ಅವ್ರು ಕೊಟ್ಟ ಉತ್ತರ ಓದಿ ನಂಗೆ ತುಂಬಾ ಖುಷಿ ಆಯ್ತು. ಕೆಲಸ ಎಲ್ಲೂ ನಿಂತಿರ್ಲಿಲ್ವಂತೆ, ಖುಷಿಯಾಗಿ ಮಾಡ್ತಾನೇ ಇದ್ರಂತೆ, ಗಿಬ್ಸನ್ ಬರೆದ ಚಿತ್ರ ಎಲ್ಲಾ ಆಟದೊಳಗೆ ಹೋಗ್ಬೇಕು ಅನ್ಸೋದ್ರಿಂದ ಕೊನೆಗೆ ಬರೆಯೋದನ್ನೇ ನಿಲ್ಲಿಸ್ಬೇಕಾಯ್ತಂತೆ. ಮೊದಲ ಆಟ ಒಂದೂವರೆ ಕೋಟಿಗಿಂತ ಜಾಸ್ತಿ ಕಾಪಿ ಹೋಗಿತ್ತು, ಅವಸರ ಮಾಡೋ ಗರಜೂ ಅವ್ರಿಗಿರ್ಲಿಲ್ಲ. ಬೆಲೆ ಇಪ್ಪತ್ತೇ ಡಾಲರ್ ಇಟ್ರು. ರಿವ್ಯೂ ಮಾಡೋರಿಗೂ ಮುಂಚೆ ಕೊಡ್ಲಿಲ್ಲ, ಎಲ್ರೂ ಒಂದೇ ಹೊತ್ತಿಗೆ ಶುರು ಮಾಡಲಿ ಅಂತ. ಊಟಕ್ಕೆ ಪಂಕ್ತೀಲಿ ಎಲ್ರಿಗೂ ಬಡಿಸಿದ ಮೇಲೇ ಶುರು ಅನ್ನೋ ಹಾಗೆ.

ಅದಕ್ಕೇ ಅವತ್ತು 7.30ಕ್ಕೆ ಎಲ್ರೂ ಒಟ್ಟಿಗೆ ನುಗ್ಗಿದ್ದು. ಸ್ಟೀಮ್ ಒಂದೇ ಅಲ್ಲ, ಬೇರೆ ಸ್ಟೋರುಗಳೂ ಕೂತ್ಬಿಟ್ವು. ನಂಗೆ ಸಿಕ್ಕಿದ್ದು ಒಂಬತ್ತರ ಹತ್ರ. ತಂಗಿ ಮಂಡ್ಯ ದಾಟಿದೀನಿ ಅಂದ್ಲು, ರಾಮನಗರ ಅಂದ್ಲು, ಕೆಂಗೇರೀಲಿ ಇಳಿದೆ ಅಂದ್ಲು, ಅಲ್ಲಿಂದ ಮೆಟ್ರೋ, ಆಮೇಲೆ ಆಟೋ, ಆಟೋ ನಮ್ಮೇರಿಯಾಗೆ ಬಂದು ಗಣೇಶನ ಹಿಂದೆ ಸಿಕ್ಕಾಕ್ಕೊಂಡಿದೆ. ಪ್ಲೇ ಅನ್ನೋ ಬಟನ್ ನನ್ ಕಣ್ಮುಂದೆ ಇದೆ. ಆರೂವರೆ ವರ್ಷದಲ್ಲಿ ಅಷ್ಟು ಉದ್ದದ ಹೊತ್ತು ನಾನು ಕಂಡಿಲ್ಲ. ಆದ್ರೂ ಮುಟ್ಲಿಲ್ಲ. ಹತ್ತೂ ಮುಕ್ಕಾಲಿಗೆ ಕೆಳಗಿಂದ "ಶಾ!" ಅಂತ ಕೇಳಿಸ್ತು, ಬ್ಯಾಗು ಹೆಗಲ ಮೇಲೆ, ತಲೇಲಿ ಮೆರವಣಿಗೆಯ ಬಣ್ಣದ ಪುಡಿ, ಆಟೋ ಬಿಟ್ಟು ನಡ್ಕೊಂಡೇ ಬಂದಿದ್ಳು. ಅಮ್ಮ ಊಟ ಮಾಡ್ದೆ ಲ್ಯಾಪ್‌ಟಾಪ್ ಮುಟ್ಟಿದ್ರೆ ನೋಡಿ ಅಂದ್ರು, ಹುಳಿ ಅನ್ನ ಐದು ನಿಮಿಷದಲ್ಲಿ ಖಾಲಿ.

ಪಂಜರದಲ್ಲಿ ಕೂಡಿಹಾಕಿ ಹಾರ್ನೆಟ್‌ನ ಫಾರ್ಲೂಮ್ ಅನ್ನೋ ದೂರದ ರಾಜ್ಯಕ್ಕೆ ಹೊತ್ಕೊಂಡು ಹೋಗ್ತಿರ್ತಾರೆ, ಅಲ್ಲಿಂದ ಆಟ ಶುರು. ಅವಳು ರೇಷ್ಮೆ ಸುತ್ಕೊಂಡು ಗಾಯ ವಾಸಿ ಮಾಡ್ಕೊಳ್ತಾಳೆ, ಒಂದೇ ಸಲಕ್ಕೆ ಮೂರು ಜೀವ ವಾಪಸ್. ಕೆಳಗಡೆ ಹೊಡೆಯೋದು ಮಾತ್ರ ಓರೆಯಾಗಿ, ಹಳೇ ಆಟದ ಕೈ ಅಭ್ಯಾಸ ಎಲ್ಲಾ ಮರೀಬೇಕು. ನನ್ ಬೆರಳು ಎರಡು ದಿನ ಮಾತು ಕೇಳ್ಲಿಲ್ಲ. ಕಷ್ಟ ಇದೆ, ಹಿಂದಿನದ್ದಕ್ಕಿಂತ ಜಾಸ್ತಿನೇ ಕಷ್ಟ. ಕೂತು ಸುಧಾರಿಸ್ಕೊಳ್ಳೋ ಬೆಂಚಿಗೂ ಕೆಲವು ಕಡೆ ದುಡ್ಡು ಕೊಡ್ಬೇಕು. ಹಂಟರ್ಸ್ ಮಾರ್ಚ್ ಅನ್ನೋ ಜಾಗದಲ್ಲಿ ಶನಿವಾರ ಮಧ್ಯಾಹ್ನ ಒಂದೇ ಒಂದು ಜೀವ ಉಳಿಸ್ಕೊಂಡು ಬೆಂಚ್ ಕಂಡ್ವಿ, ಅಬ್ಬಾ ಬದುಕಿದೆವು ಅಂತ ಕೂತ್ರೆ ಬೆಂಚೇ ಬಲೆ! ಕೂತ ಕೂಡ್ಲೇ ಏಟು. ಸತ್ವಿ. ಇಬ್ರೂ ಎರಡು ಸೆಕೆಂಡು ಮಾತಾಡ್ಲಿಲ್ಲ, ಆಮೇಲೆ ತಂಗಿ ನಗೋಕೆ ಶುರು ಮಾಡಿದ್ಳು ನೋಡಿ, ಹೊಟ್ಟೆ ಹಿಡ್ಕೊಂಡು ನೆಲದ ಮೇಲೆ ಉರುಳಾಡಿ ನಕ್ಕಳು, ಹದಿನಾಲ್ಕು ವರ್ಷದಲ್ಲಿ ಹೇಗೆ ನಗ್ತಿದ್ಳೋ ಹಾಗೇ. ಆ ಬೆಂಚನ್ನ ಯಾರು ಯೋಚಿಸಿದ್ರೋ, ಅವ್ರು ಅದಕ್ಕೆ ಎಷ್ಟು ತಿಂಗಳು ತಗೊಂಡಿದ್ರೂ ಪರವಾಗಿಲ್ಲ ಅನ್ನಿಸ್ತು ನಂಗೆ.

ಭಾನುವಾರ ಸಂಜೆ ಅವಳನ್ನ ಟ್ರೈನ್ ಹತ್ತಿಸಿ ಬಂದೆ. ಈಗ ಲಾಸ್ಟ್ ಜಡ್ಜ್ ಅನ್ನೋ ದೊಡ್ಡ ಬಾಸ್ ಮುಂದೆ ನಿಂತಿದೀವಿ, ಹತ್ರದ ಬೆಂಚಲ್ಲಿ ಹಾರ್ನೆಟ್ ಕೂತಿದಾಳೆ, ಸೇವ್ ಫೈಲ್ ಹಾಗೇ ಇದೆ. ಇಂಟರ್ನಲ್ಸ್ ಮುಗಿಸ್ಕೊಂಡು ಮುಂದಿನ ಶನಿವಾರ ಬರ್ತಾಳಂತೆ, ಅಲ್ಲೀ ತನಕ ಮುಟ್ಬೇಡ ಅಂದಿದಾಳೆ. ಅಮ್ಮ ನಿನ್ನೆ ರಾತ್ರಿ ರೂಮಿಗೆ ಬಂದು ಲ್ಯಾಪ್‌ಟಾಪ್ ಮುಚ್ಚಿರೋದು ನೋಡಿ, "ಯಾಕೋ, ಮುಗೀತಾ ನಿಮ್ಮ ಹುಳದ ಆಟ?" ಅಂತ ಕೇಳಿದ್ರು. ಇಲ್ಲಮ್ಮ, ಅವಳು ಬರ್ಲಿ ಅಂತ ಇಟ್ಟಿದೀನಿ ಅಂದೆ.