ಕಾಲೇಜಿನಲ್ಲಿ ವಿವಾದದ ವಿಷಯವನ್ನು ಚರ್ಚೆಗಿಡುವ ಮುನ್ನ

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗೆ ಇವತ್ತಿಗೂ ‘ಮೊಬೈಲ್ ವರವೋ ಶಾಪವೋ’, ‘ಮಾಧ್ಯಮ ದಾರಿ ತಪ್ಪಿದೆಯೇ’ ಎಂಬಂಥ ವಿಷಯಗಳೇ ಬರುತ್ತವೆ. ಅದೇ ಮಕ್ಕಳು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಮಾತಾಡುವುದು ಬೇರೆಯೇ. ಯಾರು ಯಾರ ಜೊತೆ ತಿರುಗಬಹುದು, ಯಾವ ಚಾನೆಲ್ ಸುಳ್ಳು ಹೇಳುತ್ತಿದೆ, ಯಾವ ಪಕ್ಷ ಯಾರಿಗೆ ಮೋಸ ಮಾಡಿತು. ಇದನ್ನೆಲ್ಲ ತರಗತಿಯೊಳಗೆ ತಂದರೆ ಗಲಾಟೆಯಾದೀತು ಎಂದು ಅಧ್ಯಾಪಕರು ಹೆದರುತ್ತಾರೆ. ಆ ಹೆದರಿಕೆಗೆ ಕಾರಣ ಇಲ್ಲದಿಲ್ಲ. ಆದರೆ ಚರ್ಚೆ ಜಗಳವಾಗುವುದೋ ಇಲ್ಲವೋ ಎಂಬುದರಲ್ಲಿ ಹೆಚ್ಚಿನ ಪಾಲು ಬೋರ್ಡಿನ ಮೇಲೆ ಬರೆದ ಒಂದು ವಾಕ್ಯದಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಖಚಿತ ನಂಬಿಕೆ.

ವಿಷಯದ ವಾಕ್ಯದಲ್ಲಿ ಯಾರು, ಏನು ಮಾಡಬೇಕು ಎಂಬೆರಡು ಸ್ಪಷ್ಟವಾಗಿರಬೇಕು. ‘ಮಾಧ್ಯಮ ದಾರಿ ತಪ್ಪಿದೆಯೇ’ ಎಂದರೆ ಎಲ್ಲರೂ ತಮಗೆ ಸಿಟ್ಟಿರುವ ಚಾನೆಲ್ಲನ್ನು ಬಯ್ದು ಕೂರುತ್ತಾರೆ. ‘ಆರೋಪಪಟ್ಟಿ ಸಲ್ಲಿಕೆಯಾಗುವ ತನಕ ಆರೋಪಿಯ ಹೆಸರು, ಫೋಟೋ ಟಿವಿಯಲ್ಲಿ ತೋರಿಸಬಾರದು’ ಎಂದು ಬರೆದು ನೋಡಿ. ಈಗ ಪರ ಮಾತಾಡುವವರು ತಪ್ಪಿತಸ್ಥನಲ್ಲದವನ ಮಾನದ ಬಗ್ಗೆ ಯೋಚಿಸಲೇಬೇಕು, ವಿರೋಧಿಸುವವರು ಪ್ರಭಾವಿಗಳ ಹೆಸರು ಮುಚ್ಚಿಹೋಗುವ ಅಪಾಯವನ್ನು ಎತ್ತಲೇಬೇಕು. ವಾಕ್ಯ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯಿದೆ: ಸಭ್ಯನಾದವನು ನಾಚಿಕೆಯಿಲ್ಲದೆ ಹೇಳಬಹುದಾದ ಮೂರು ವಾದಗಳು ಎರಡೂ ಕಡೆಗೆ ಸಿಗಬೇಕು. ಒಂದು ಕಡೆಗೆ ಸಿಗದಿದ್ದರೆ ಅದು ಚರ್ಚೆಯ ವಿಷಯವಲ್ಲ, ವಾಕ್ಯ ಬದಲಿಸಿ. ಒಬ್ಬ ಮನುಷ್ಯನ ಘನತೆಯನ್ನೇ ಪ್ರಶ್ನಿಸುವ ವಾಕ್ಯವನ್ನಂತೂ ಯಾವ ಕಾರಣಕ್ಕೂ ಇಡಬೇಡಿ.

ಮಾಧ್ಯಮದ ಚರ್ಚೆಗೆ ನಮ್ಮ ಊರಿನದೇ ಗಟ್ಟಿ ಉದಾಹರಣೆಯಿದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬದ ಪಾರ್ಟಿಯಲ್ಲಿದ್ದ ಯುವಕ ಯುವತಿಯರ ಮೇಲೆ ದಾಳಿಯಾಯಿತು. ದೃಶ್ಯ ಟಿವಿಯಲ್ಲಿ ಬಂತು. ದಾಳಿಕೋರರ ಜೊತೆಗೆ, ಅದನ್ನು ಚಿತ್ರೀಕರಿಸಿದ ವರದಿಗಾರನನ್ನೂ ಪೊಲೀಸರು ಆರೋಪಿಯಾಗಿಸಿ ಬಂಧಿಸಿದರು. ಆ ದೃಶ್ಯ ಇಲ್ಲದಿದ್ದರೆ ದಾಳಿಕೋರರು ಗುರುತಿಗೇ ಸಿಗುತ್ತಿರಲಿಲ್ಲ ಎನ್ನುವವರಿದ್ದರು, ಕ್ಯಾಮೆರಾ ಬಂದದ್ದರಿಂದಲೇ ಹುಡುಗಿಯರ ಮಾನ ಇನ್ನಷ್ಟು ಹರಾಜಾಯಿತು ಎನ್ನುವವರೂ ಇದ್ದರು. ಈಗ ಡಿಗ್ರಿಯಲ್ಲಿರುವ ಮಕ್ಕಳಿಗೆ ಇದು ಗೊತ್ತಿಲ್ಲ, ಗೊತ್ತಾದಾಗ ಬೆಚ್ಚಿಬೀಳುತ್ತಾರೆ. ‘ದಾಳಿಯ ಸುಳಿವು ಸಿಕ್ಕ ವರದಿಗಾರ ಪೊಲೀಸರಿಗೆ ತಿಳಿಸಿದ ಮೇಲೆಯೇ ಕ್ಯಾಮೆರಾ ಒಯ್ಯಬೇಕು’ ಎಂದು ವಾಕ್ಯವಿಟ್ಟರೆ ಎರಡು ಪೀರಿಯಡ್ ಸಾಲದು. ಒಂದು ಎಚ್ಚರ: ಆ ವಿಡಿಯೋವನ್ನು ತರಗತಿಯಲ್ಲಿ ಹಾಕಬೇಡಿ, ಪತ್ರಿಕಾ ವರದಿ ಸಾಕು. ಹೊಡೆತ ತಿಂದವರು ಈಗಲೂ ಇಲ್ಲೇ ಎಲ್ಲೋ ಬದುಕುತ್ತಿದ್ದಾರೆ.

ಪ್ರೀತಿ, ಮದುವೆಯ ಮಾತು ಬಂದರೆ ನಮ್ಮಲ್ಲಿ ಎರಡು ನಿಮಿಷದೊಳಗೆ ಅದು ಧರ್ಮಕ್ಕೆ ಹೊರಳುತ್ತದೆ. ಹೊರಳಲಿ, ಆದರೆ ಹಿಡಿತಕ್ಕೆ ಸಿಗುವ ವಾಕ್ಯ ಕೊಡಿ. ನನಗೆ ಹೆಚ್ಚು ಇಷ್ಟವಾದದ್ದು: ‘1954ರ ವಿಶೇಷ ವಿವಾಹ ಕಾಯ್ದೆಯಲ್ಲಿರುವ 30 ದಿನಗಳ ಬಹಿರಂಗ ನೋಟಿಸ್ ರದ್ದಾಗಬೇಕು’. ಜೋಡಿ ಅರ್ಜಿ ಕೊಟ್ಟ ಮೇಲೆ ವಿವಾಹಾಧಿಕಾರಿ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಆದರೆ ವಯಸ್ಸು, ಮೊದಲ ಮದುವೆ ಇನ್ನೂ ಊರ್ಜಿತದಲ್ಲಿರುವುದು, ನಿಷಿದ್ಧ ರಕ್ತಸಂಬಂಧ ಇಂಥ ಕೆಲವೇ ಕಾರಣಗಳಿಗೆ ಮಾತ್ರ. ಧರ್ಮ ಬೇರೆ ಎಂಬುದು ಆಕ್ಷೇಪವೇ ಅಲ್ಲ. ಈ ನೋಟಿಸ್ ಪ್ರಕಟಿಸುವುದನ್ನು ಜೋಡಿಯ ಇಚ್ಛೆಗೆ ಬಿಡಬೇಕೆಂದು 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ಕಾಯ್ದೆಯ ಪುಟ ಕೈಯಲ್ಲಿದ್ದರೆ ‘ಅವರು’, ‘ನಮ್ಮವರು’ ಎಂಬ ಮಾತು ತಾನಾಗಿ ಕಡಿಮೆಯಾಗುತ್ತದೆ. ಮಗಳು ಮೋಸಹೋಗಬಾರದೆಂಬ ಅಪ್ಪನ ಆತಂಕಕ್ಕೂ, ನೋಟಿಸ್ ಫೋಟೋ ವಾಟ್ಸಾಪಿನಲ್ಲಿ ಹರಿದಾಡೀತೆಂಬ ಹುಡುಗಿಯ ಭಯಕ್ಕೂ ಒಂದೇ ಮೇಜಿನ ಮೇಲೆ ಜಾಗ ಸಿಗುತ್ತದೆ.

ಸಂಬಂಧಗಳ ವಿಷಯದಲ್ಲಿ ಸ್ವಂತ ಅನುಭವ ಕೇಳಬೇಡಿ, ಮುಖ್ಯವಾಗಿ ಪಿಯುಸಿ ಮಕ್ಕಳ ಹತ್ತಿರ. 18 ತುಂಬದವರ ಮೇಲೆ ನಡೆದ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ನಲವತ್ತು ಜನರೆದುರು ಅದು ಹೊರಬೀಳುವುದು ಆ ಮಗುವಿಗೆ ಒಳ್ಳೆಯದಲ್ಲ.

ಚರ್ಚೆಗೆ ಮೂರು ದಿನ ಮೊದಲು ಒಂದು ಹಾಳೆಯ ಟಿಪ್ಪಣಿ ಕೊಡಿ. ಅದರಲ್ಲಿ ಎರಡೂ ಕಡೆಯವರು ಒಪ್ಪುವ ಸಂಗತಿಗಳಷ್ಟೇ ಇರಲಿ: ದಿನಾಂಕ, ಕಾಯ್ದೆ, ತೀರ್ಪು. ಉಡುಪಿಯಲ್ಲಿ ಹಿಜಾಬ್ ವಿಷಯ ಎತ್ತಿದರೆ ‘ಸುಪ್ರೀಂ ಕೋರ್ಟಿನಲ್ಲಿ ಮುಗಿದುಹೋಗಿದೆ’ ಎಂದು ಎರಡೂ ಕಡೆಯವರು ತಂತಮ್ಮ ಪರವಾಗಿ ಹೇಳುತ್ತಾರೆ. ಹಾಳೆಯಲ್ಲಿ ಹೀಗೆ ಬರೆಯಿರಿ: ಸಮವಸ್ತ್ರದ ಸರ್ಕಾರಿ ಆದೇಶ 2022ರ ಫೆಬ್ರವರಿ 5, ಅದನ್ನು ಎತ್ತಿಹಿಡಿದ ಕರ್ನಾಟಕ ಹೈಕೋರ್ಟ್ ತೀರ್ಪು ಮಾರ್ಚ್ 15, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಭಿನ್ನ ತೀರ್ಪು, ಸೂಕ್ತ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ನಿರ್ದೇಶನ. ಇಷ್ಟಿದ್ದರೆ ಅರ್ಧ ಕೂಗಾಟ ನಿಲ್ಲುತ್ತದೆ. ಹಾಳೆಯಲ್ಲಿಲ್ಲದ ಅಂಕಿಅಂಶ ಹೇಳುವವರು ಮೂಲವನ್ನೂ ಹೇಳಬೇಕು. ‘ಗ್ರೂಪಲ್ಲಿ ಬಂದಿತ್ತು ಸಾರ್’ ಎಂಬುದು ಮೂಲವಲ್ಲ.

ಪರ ಯಾರು, ವಿರೋಧ ಯಾರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕರಾವಳಿಯ ಮಕ್ಕಳಿಗೆ ಇದನ್ನು ವಿವರಿಸಲು, ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಗಿಂತ ಒಳ್ಳೆಯ ದಾರಿಯಿಲ್ಲ. ಇವತ್ತು ವಾಲಿಯಾಗಿ ರಾಮನನ್ನು ಪ್ರಶ್ನೆಗಳಲ್ಲಿ ಕಟ್ಟಿಹಾಕಿದ ಅರ್ಥಧಾರಿ ನಾಳೆ ರಾಮನ ಅರ್ಥ ಹೇಳಬಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೂ ರಾವಣನನ್ನೂ ಜನ ನಿದ್ದೆಗೆಟ್ಟು ಕೇಳಿದರು, ‘ಇವರು ರಾವಣನ ಪಕ್ಷ’ ಎಂದು ಯಾರೂ ದೂರಲಿಲ್ಲ. ಮಾತು ಪಾತ್ರದ್ದು ಎಂದು ಎಲ್ಲರಿಗೂ ಗೊತ್ತಿದ್ದರೆ, ಮನೆಯಲ್ಲಿ ಹೇಳಲಾಗದ ವಾದವನ್ನೂ ಒಬ್ಬ ಹುಡುಗಿ ಪೂರ್ತಿ ಧೈರ್ಯದಿಂದ ಹೇಳುತ್ತಾಳೆ. ತರಗತಿಯಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ, ಒಬ್ಬನೇ ದಲಿತ ಹುಡುಗ ಇದ್ದರೆ ಅವರ ಸಮುದಾಯದ ವಕ್ತಾರಿಕೆ ಅವರ ತಲೆಗೆ ಬೀಳದಂತೆ ತಡೆಯುವುದೂ ಈ ಚೀಟಿಯೇ.

24 ಜನರ ತಂಡಕ್ಕೆ ಸೇರಿಕೊಂಡ ಎರಡು ಪೀರಿಯಡ್, ಅಂದರೆ 110 ನಿಮಿಷ ಬೇಕು. ಮೊದಲ 10 ನಿಮಿಷದಲ್ಲಿ ಎಲ್ಲರೂ ಚೀಟಿಯಲ್ಲಿ 0ಯಿಂದ 10ರೊಳಗೆ ತಮ್ಮ ನಿಲುವಿನ ಅಂಕಿ ಬರೆಯಲಿ. ಹೆಸರು ಬೇಡ, ತಮಗಷ್ಟೇ ಗೊತ್ತಿರುವ ನಾಲ್ಕಂಕಿಯ ಗುರುತು ಸಾಕು. ತಯಾರಿಗೆ 15 ನಿಮಿಷ. ಒಂದೊಂದು ಕಡೆಗೆ ಮೂವರಂತೆ ಆರು ಮಂದಿಗೆ ನಾಲ್ಕು ನಾಲ್ಕು ನಿಮಿಷ. ಎರಡನೆಯವರಿಂದ ಮುಂದಕ್ಕೆ ಪ್ರತಿಯೊಬ್ಬರೂ ಮೊದಲು ಅರ್ಧ ನಿಮಿಷ ಎದುರಾಳಿಯ ವಾದವನ್ನು, ಆತ ‘ಹೌದು, ನಾನು ಹೇಳಿದ್ದು ಅದೇ’ ಎನ್ನುವಂತೆ ಹೇಳಬೇಕು. ಆತ ಒಪ್ಪದಿದ್ದರೆ ಇನ್ನೊಮ್ಮೆ ಪ್ರಯತ್ನ. ಇಡೀ ಕ್ರಮದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸುವುದು ಇದನ್ನು. ಹತ್ತು ನಿಮಿಷ ಬಿಟ್ಟು ಕಡೆ ಬದಲಿಸಿ, ತಲಾ ಎರಡು ನಿಮಿಷ. ಉಳಿದ 18 ಜನ ಸುಮ್ಮನೆ ಕೂರಬಾರದು. ಒಬ್ಬ ಭಾಷಣಕಾರನಿಗೆ ಮೂವರಂತೆ, ಕೇಳಿದ್ದನ್ನು ಸಂಗತಿ, ಅಭಿಪ್ರಾಯ ಎಂದು ಎರಡು ಸಾಲಾಗಿ ಬರೆಯಲಿ. ನಂತರ 25 ನಿಮಿಷ ಸಭೆಗೆ. ಅಲ್ಲಿ ಮೊದಲ ನಾಲ್ಕು ಅವಕಾಶ ಅದುವರೆಗೆ ಬಾಯಿ ಬಿಡದವರಿಗೆ, ಇಲ್ಲದಿದ್ದರೆ ಹಿಂದಿನ ಬೆಂಚಿನ ಮೂವರು ಹುಡುಗರೇ ಸಮಯ ತಿಂದುಬಿಡುತ್ತಾರೆ. ಕೊನೆಗೆ ಮತ್ತೆ ಚೀಟಿ.

ತುಳು, ಬ್ಯಾರಿ, ಕುಂದಗನ್ನಡ, ಕೊಂಕಣಿ ಯಾವುದರಲ್ಲಿ ಮಾತು ಬರುತ್ತದೋ ಅದರಲ್ಲಿ ಆಡಲಿ, ಪಕ್ಕದವರು ಒಂದು ವಾಕ್ಯದಲ್ಲಿ ಕನ್ನಡಕ್ಕೆ ತಂದರೆ ಸಾಕು. ಗ್ರಂಥದ ಕನ್ನಡದಲ್ಲೇ ಮಾತಾಡಬೇಕೆಂದರೆ ಬಾಯಿಪಾಠದ ಭಾಷಣ ಬರುತ್ತದೆ, ಯೋಚನೆ ಬರುವುದಿಲ್ಲ.

ಫೋನುಗಳನ್ನು ಸ್ವಿಚ್ ಆಫ್ ಮಾಡಿಸಿ ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿ, ನಿಮ್ಮದನ್ನೂ ಹಾಕಿ. ಚೀಟಿಯಿಂದ ಬಂದ ಕಡೆಯನ್ನು ವಾದಿಸಿದ ಹುಡುಗನ ಹದಿನೈದು ಸೆಕೆಂಡಿನ ತುಣುಕು ಸಂಜೆಯೊಳಗೆ ಊರಿನ ಗ್ರೂಪುಗಳಲ್ಲಿ ಸುತ್ತಿದರೆ, ‘ಅದು ಪಾತ್ರ’ ಎಂದು ಯಾರಿಗೆ ವಿವರಿಸುತ್ತೀರಿ? ಕೋರ್ಟಿನಲ್ಲಿ ನಡೆಯುತ್ತಿರುವ ಸ್ಥಳೀಯ ಕ್ರಿಮಿನಲ್ ಪ್ರಕರಣ ಬೇಡ, ಆರೋಪಿಯ ತಮ್ಮನೋ ಸಂತ್ರಸ್ತೆಯ ಅಕ್ಕನೋ ಅದೇ ತರಗತಿಯಲ್ಲಿರಬಹುದು. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ ಪಕ್ಷಗಳ ವಿಷಯ ಮುಂದೂಡಿ. ವಾಕ್ಯ ಮತ್ತು ಟಿಪ್ಪಣಿಯ ಹಾಳೆಗೆ ಪ್ರಾಂಶುಪಾಲರ ಸಹಿ ಮೊದಲೇ ಇರಲಿ. ನಾಳೆ ಯಾರಾದರೂ ದೂರು ತಂದರೆ ಆ ಹಾಳೆ ಅಧ್ಯಾಪಕರ ಬೆನ್ನಿಗಿರುತ್ತದೆ.

ಗೆದ್ದವರನ್ನು ಘೋಷಿಸಬೇಡಿ. ಗುರುತು ಹೊಂದಿಸಿ ಎರಡು ಚೀಟಿಗಳನ್ನು ನೋಡಿ, ಎರಡಂಕಿಗಿಂತ ಹೆಚ್ಚು ಸರಿದವರು ಎಷ್ಟು ಮಂದಿ ಎಂದಷ್ಟೇ ಹೇಳಿ. ಮನಸ್ಸಿದ್ದರೆ ತಮ್ಮನ್ನು ಸರಿಸಿದ ಮಾತು ಯಾವುದೆಂದು ಅವರೇ ಹೇಳಲಿ. ಯಾರೂ ಸರಿಯದಿದ್ದರೂ ಚಿಂತೆಯಿಲ್ಲ. ಆ ದಿನ ಪ್ರಶ್ನೆಗೆ ಸಿಕ್ಕಿದ ಸಂಗತಿಗಳನ್ನು ಟಿಪ್ಪಣಿಯಲ್ಲಿ ತಿದ್ದಿ ವಿಭಾಗದ ಫೈಲಿಗೆ ಸೇರಿಸಿ, ಮುಂದಿನ ತಂಡಕ್ಕೆ ಕೊಡುವ ಮೊದಲು ಹೊಸ ತೀರ್ಪೋ ತಿದ್ದುಪಡಿಯೋ ಬಂದಿದೆಯೇ ಎಂದು ನೋಡಿ.