ಕರೆಂಟು ಹೋದಾಗ ಆದ ಕಣ್ಣು ಪರೀಕ್ಷೆ

ತೀರ್ಥಹಳ್ಳಿ ಕಡೆ ಕ್ಲಿನಿಕ್ ಇಟ್ಟುಕೊಂಡವರಿಗೆ ಜ್ವರ, ಮಂಡಿನೋವು, ಬಿಪಿಯ ಜೊತೆಗೆ ಲೈಸೆನ್ಸಿನ ಹುಡುಗರೂ ತಪ್ಪಿದ್ದಲ್ಲ. ಕಾರು, ಬೈಕಿಗಾದರೆ 40 ವರ್ಷ ದಾಟುವವರೆಗೆ ಫಾರಂ 1 ಸಾಕು, ‘ನನಗೇನೂ ತೊಂದರೆಯಿಲ್ಲ’ ಅಂತ ತಾನೇ ಬರೆದುಕೊಟ್ಟರೆ ಮುಗೀತು. ಹೆವಿ ಲೈಸೆನ್ಸಿಗಾದರೆ ಫಾರಂ 1-ಎ, ಅದರ ಮೇಲೆ ಡಾಕ್ಟರ ಸಹಿ. ಕೆಂಪು-ಹಸಿರು ಗೊತ್ತಾಗುತ್ತಾ, ಹಗಲಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತಾ, ಹಾರನ್ ಕೇಳುತ್ತಾ, ಇರುಳುಗುರುಡು ಇದೆಯಾ, ಕೈಕಾಲು ನೆಟ್ಟಗಿದೆಯಾ. ಐದು ನಿಮಿಷದ ಕೆಲಸ ಅಂತಲೇ ನಾನೂ ಅಂದುಕೊಂಡಿದ್ದೆ.

ಕಣ್ಣು ಪರೀಕ್ಷೆಯ ಅಕ್ಷರದ ಚಾರ್ಟನ್ನು ಆರು ಮೀಟರ್ ದೂರದಿಂದ ಓದಿಸಬೇಕು, ನನ್ನ ಕೋಣೆಯಲ್ಲಿ ಅಷ್ಟು ಜಾಗವಿಲ್ಲ. ಬಾಗಿಲು ತೆರೆದಿಟ್ಟು ಜಗಲಿಯಿಂದ ಚಾರ್ಟ್ ಓದಿಸಬೇಕು. ಬೆಂಚಿನಲ್ಲಿ ಕೂತವರು ತಮ್ಮ ಸರದಿ ಬರುವಷ್ಟರಲ್ಲಿ ಬಾಯಿಪಾಠ ಮಾಡಿರುತ್ತಾರೆ. ಒಂದು ಸಲ ನಡುವೆ ಚಾರ್ಟ್ ಬದಲಾಯಿಸಿದೆ. ಒಬ್ಬ ಮಹಾಶಯ ಹಳೇ ಸಾಲನ್ನೇ ಸರಾಗವಾಗಿ ಒಪ್ಪಿಸಿಬಿಟ್ಟ. ಬಣ್ಣಗುರುಡು ಪತ್ತೆಮಾಡುವ, ಬಣ್ಣದ ಚುಕ್ಕಿಗಳಲ್ಲಿ ಅಂಕಿ ಅಡಗಿಸಿದ ಪುಸ್ತಕದ್ದೂ ಇದೇ ಕತೆ. ಮೊದಲ ಪುಟದ 12 ಎಂಬ ಅಂಕಿ ಬಣ್ಣಗುರುಡಿದ್ದವನಿಗೂ ಕಾಣುತ್ತದೆ, ಅಷ್ಟಕ್ಕೇ ಮುಚ್ಚಿದರೆ ಎಲ್ಲರೂ ಪಾಸು. 2020ರಿಂದ ಅಲ್ಪ, ಮಧ್ಯಮ ಪ್ರಮಾಣದ ಬಣ್ಣಗುರುಡಿದ್ದರೂ ಲೈಸೆನ್ಸ್ ಸಿಗುತ್ತದೆ. ಆದರೂ ಮುಚ್ಚಿಡುತ್ತಾರೆ, ಪಾಪ.

ಆವತ್ತು ಆರಿದ್ರಾ ಮಳೆ. ಬಂದವನಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ. ಎರಡು ವರ್ಷದಿಂದ ಅಣ್ಣನ ಪಿಕಪ್ ಓಡಿಸುತ್ತಿದ್ದ, ಈಗ ಕುಂದಾಪುರದ ಕಡೆ ಹೋಗುವ ಲಾರಿಯಲ್ಲಿ ಕೆಲಸ ಗೊತ್ತಾಗಿತ್ತು. ಎರಡೂ ಕಣ್ಣು 6/6, ಅಂದರೆ ಚಾರ್ಟ್ ಓದುವುದರಲ್ಲಿ ಏನೂ ಕೊರತೆಯಿಲ್ಲ. ಚುಕ್ಕಿ ಪುಸ್ತಕ ಕೊನೆಯವರೆಗೂ ಓದಿದ. “ರಾತ್ರಿ ಕಣ್ಣು ಕಾಣುತ್ತೇನಪ್ಪಾ?” “ಕಾಣುತ್ತೆ ಡಾಕ್ಟ್ರೇ.” ಸಹಿ ಹಾಕಿದೆ, ಸೀಲು ಒತ್ತಿದೆ, ಕಾಗದ ಕೈಗೆ ಕೊಟ್ಟೆ.

ಆಗ ಕರೆಂಟು ಹೋಯಿತು. ಸಂಜೆ ಆರರ ಹೊತ್ತು, ಮೋಡ ಕವಿದು ಕೋಣೆಯಲ್ಲಿ ಮಬ್ಬು. ನನಗೆ ಮೇಜು, ತೂಕದ ಯಂತ್ರ, ಬಾಗಿಲು ಎಲ್ಲ ಕಾಣುತ್ತಿತ್ತು. ಅವನು ಎದ್ದವನು ಎಡಗೈಯಿಂದ ಗೋಡೆ ಹಿಡಿದ. ಕಾಲನ್ನು ಎತ್ತಿಡಲಿಲ್ಲ, ನೆಲಕ್ಕೆ ಸವರಿಕೊಂಡೇ ಮುಂದೆ ಇಟ್ಟ. ತೂಕದ ಯಂತ್ರಕ್ಕೆ ತಾಗಿತು. ಕೂಡಲೇ ಮೊಬೈಲ್ ಟಾರ್ಚ್ ಹಚ್ಚಿಕೊಂಡ. ಹುಡುಕಾಡದೆ, ಒಂದೇ ಬೆರಳಲ್ಲಿ. ದಿನಾ ಮಾಡಿ ಅಭ್ಯಾಸವಾದವರ ಹಾಗೆ.

ಕಾಗದ ವಾಪಸ್ ಇಸಿದುಕೊಂಡೆ. ಎದುರಿಗೆ ಕೂರಿಸಿ, ನನ್ನ ಮೂಗನ್ನೇ ನೋಡಲು ಹೇಳಿ, ಟಾರ್ಚ್ ಬೆಳಕಲ್ಲಿ ಪಕ್ಕದಿಂದ ಬೆರಳಾಡಿಸುತ್ತ ತಂದೆ. ಬೆರಳು ಹೆಚ್ಚುಕಡಿಮೆ ಮುಖದ ಮುಂದೆ ಬಂದ ಮೇಲೇ “ಈಗ ಕಂಡಿತು” ಅಂದ. “ಪಿಕಪ್ ರಾತ್ರಿ ಯಾರು ಓಡಿಸ್ತಾರೆ?” “ಅಣ್ಣ.” ಅಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು ಎನ್ನುವುದೂ ಆಮೇಲೆ ಹೊರಬಿತ್ತು. ಎ ವಿಟಮಿನ್ ಕೊರತೆಯ ಇರುಳುಗುರುಡಾದರೆ ಔಷಧಿಗೆ ಬಗ್ಗುತ್ತದೆ. ಇವನದು ಅದಲ್ಲ, ಕಣ್ಣಿನೊಳಗಿನ ಪರದೆ, ಅಕ್ಷಿಪಟಲವೇ ಅಂಚಿನಿಂದ ಸವೆಯುತ್ತ ಬರುವ ವಂಶದ ಕಾಯಿಲೆ ಅಂತ ಶಿವಮೊಗ್ಗದ ಕಣ್ಣಿನ ಡಾಕ್ಟರು ಹೇಳಿದರು. ಇದರಲ್ಲಿ ನಡುವಿನ ದೃಷ್ಟಿ ಎಷ್ಟೋ ವರ್ಷ ಚೆನ್ನಾಗಿಯೇ ಇರುತ್ತದೆ. ಚಾರ್ಟ್ ಓದಲು ಬೇಕಾದದ್ದು ಅಷ್ಟೇ.

ಅವನಿಗೆ ನನ್ನ ಮೇಲೆ ಸಿಟ್ಟು ಬಂತು, ಬರಬೇಕಾದ್ದೇ. “ಸಹಿ ಹಾಕಿ ಆದಮೇಲೆ ಕಿತ್ತುಕೊಂಡ್ರಲ್ಲ ಡಾಕ್ಟ್ರೇ” ಅಂದ. ಉತ್ತರ ಇರಲಿಲ್ಲ. ಹುಲಿಕಲ್ ಘಾಟಿಯ ಮಂಜಿಗೆ ಅವನನ್ನು ನಾನೇ ಕಳಿಸುತ್ತಿದ್ದೆ, ಕರೆಂಟು ಇನ್ನೊಂದು ನಿಮಿಷ ತಡವಾಗಿ ಹೋಗಿದ್ದರೆ.

ಈಗ ‘ರಾತ್ರಿ ಕಣ್ಣು ಕಾಣುತ್ತಾ’ ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. “ಕತ್ತಲಾದ ಮೇಲೆ ಕೊಟ್ಟಿಗೆಗೆ ಯಾರು ಹೋಗ್ತಾರೆ? ಬೈಕಲ್ಲಿ ಹಿಂದೆ ಕೂರೋದು ಯಾರು?” ಅಂತ ಶುರುಮಾಡುತ್ತೇನೆ. ಆಮೇಲೆ ಕಿಟಕಿ ಮುಚ್ಚಿ, ದೀಪ ಆರಿಸಿ, ಮಬ್ಬಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟು, ಬಾಗಿಲವರೆಗೆ ನಡೆಸುತ್ತೇನೆ. ದಾರಿಯಲ್ಲೊಂದು ಸ್ಟೂಲು.

ಸ್ಟೂಲು ಎಡಕ್ಕಿರುತ್ತೆ ಅಂತ ಜಗಲಿಯಲ್ಲಿ ಆಗಲೇ ಹೇಳಿಕೊಡುತ್ತಿದ್ದಾರಂತೆ. ದಿನಾ ಜಾಗ ಬದಲಾಯಿಸುತ್ತಿದ್ದೇನೆ.