ಅಮೆರಿಕದ ಕಾಲೇಜಿನಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಕೋಚ್ ಆಗಬೇಕೆಂದರೆ

ನಮ್ಮಲ್ಲಿ ಕೋಚ್ ಕೆಲಸ ಅಂದರೆ ಮೊದಲು ಕೇಳುವ ಪ್ರಶ್ನೆ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಆಗಿದೆಯೇ ಅಂತ. ಅಮೆರಿಕದ ಕಾಲೇಜುಗಳಲ್ಲಿ ಅಂಥ ಕಡ್ಡಾಯದ ಸರ್ಟಿಫಿಕೇಟ್ ಇಲ್ಲ. ಡಿಗ್ರಿ ಬೇಕು, ಅದರಾಚೆ ನೋಡುವುದು ಎರಡೇ: ಯಾರ ಕೈಕೆಳಗೆ ಕೆಲಸ ಕಲಿತಿದ್ದೀರಿ, ಎಂಥ ಆಟಗಾರ್ತಿಯರನ್ನು ತಂಡಕ್ಕೆ ಕರೆತರಬಲ್ಲಿರಿ.

ಶುರುವಾಗುವುದು ತೀರಾ ಕೆಳಗಿನಿಂದ. ಓದುವಾಗಲೇ ತಂಡದ ಸ್ಟೂಡೆಂಟ್ ಮ್ಯಾನೇಜರ್ ಆಗಿ ಚೆಂಡು, ನೀರು, ಕ್ಯಾಮೆರಾ ನೋಡಿಕೊಳ್ಳುವುದು. ಆಮೇಲೆ ಗ್ರಾಜುಯೇಟ್ ಅಸಿಸ್ಟೆಂಟ್: ಸಾಮಾನ್ಯವಾಗಿ ಎರಡು ವರ್ಷ, ಮಾಸ್ಟರ್ಸ್ ಫೀಸು ಮಾಫಿ, ಕೈಗೆ ಸಣ್ಣ ಸ್ಟೈಪೆಂಡ್. ಮುಂದೆ ವಿಡಿಯೊ ವಿಭಾಗ, ಇಲ್ಲವೇ ಬಸ್ಸು, ಹೋಟೆಲ್, ಪಂದ್ಯದ ದಿನದ ಊಟ ಎಲ್ಲ ಹೊಂದಿಸುವ ಆಪರೇಷನ್ಸ್ ಹುದ್ದೆ. ಇಷ್ಟಾದ ಮೇಲೆ ಅಸಿಸ್ಟೆಂಟ್ ಕೋಚ್. ಡಾನ್ ಸ್ಟೇಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಇನ್ನೂ ಆಡುತ್ತಿರುವಾಗಲೇ, 2000ದಲ್ಲಿ, ಟೆಂಪಲ್ ವಿಶ್ವವಿದ್ಯಾಲಯದ ಹೆಡ್ ಕೋಚ್ ಆದರು. ಆದರೆ ಆ ದಾರಿ ಒಲಿಂಪಿಕ್ ಚಿನ್ನ ಗೆದ್ದವರಿಗೆ ಮಾತ್ರ.

ದೊಡ್ಡ ಹೆಸರಿನ ಕಾಲೇಜಿನ ಬೆಂಚಿನ ಕೊನೆಯಲ್ಲಿ ಹತ್ತು ವರ್ಷ ಕೂರುವುದಕ್ಕಿಂತ ಸಣ್ಣ ಕಾಲೇಜಿನಲ್ಲಿ ಬೇಗ ಹೆಡ್ ಕೋಚ್ ಆಗುವುದು ಎಷ್ಟೋ ಮೇಲು. ಲೀಸಾ ಬ್ಲೂಡರ್ ಸೇಂಟ್ ಆಂಬ್ರೋಸ್ ಎಂಬ ಪುಟ್ಟ ಕಾಲೇಜಿನಿಂದ ಡ್ರೇಕ್‌ಗೆ, ಅಲ್ಲಿಂದ 2000ದಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಬಂದವರು. ಈಗಿನ ತಾರೆ ಕೇಟ್ಲಿನ್ ಕ್ಲಾರ್ಕ್ ಕಾಲೇಜಿನಲ್ಲಿ ಆಡಿದ್ದು ಅವರ ತಂಡದಲ್ಲೇ. ಕಿಮ್ ಕಾಲ್ಡ್‌ವೆಲ್ 2022ರಲ್ಲಿ ಗ್ಲೆನ್‌ವಿಲ್ ಸ್ಟೇಟ್‌ಗೆ ಡಿವಿಷನ್ 2 (ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಎರಡನೆಯದು) ಪ್ರಶಸ್ತಿ ಗೆದ್ದುಕೊಟ್ಟು, ಮಾರ್ಷಲ್‌ನಲ್ಲಿ ಒಂದೇ ಸೀಸನ್ ಮುಗಿಸಿ, 2024ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಹೆಡ್ ಕೋಚ್ ಕುರ್ಚಿಯಲ್ಲಿ ಕೂತರು. ಕೊನೇ ನಿಮಿಷದ ಟೈಮ್‌ಔಟ್‌ನಲ್ಲಿ ಏನು ಆಡಿಸಬೇಕು, ಬಜೆಟ್ ಸಾಲದಿದ್ದಾಗ ಯಾವ ಪ್ರಯಾಣ ಬಿಡಬೇಕು, ನಿನಗೆ ಈ ವರ್ಷ ಆಡುವ ಅವಕಾಶ ಕಡಿಮೆ ಎಂದು ಹುಡುಗಿಯೊಬ್ಬಳಿಗೆ ಹೇಗೆ ಹೇಳಬೇಕು, ಇವೆಲ್ಲ ತಾನೇ ನಿರ್ಧರಿಸಿದಾಗಲೇ ಬರುವ ವಿದ್ಯೆ.

ಟೆನೆಸಿಯ ಆ ಕುರ್ಚಿಯನ್ನು ದೊಡ್ಡದು ಮಾಡಿದವರು ಪ್ಯಾಟ್ ಸಮಿಟ್. 1974ರಲ್ಲಿ, 22ನೇ ವಯಸ್ಸಿಗೆ ಹೆಡ್ ಕೋಚ್ ಆದಾಗ ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನ್ ಓಡಿಸುವುದೂ ಜೆರ್ಸಿ ಒಗೆಯುವುದೂ ಅವರದೇ ಕೆಲಸ. 2012ರಲ್ಲಿ ಇಳಿಯುವಾಗ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸಿದ ಟೈಟಲ್ 9 ಕಾನೂನು ಬಂದದ್ದು 1972ರಲ್ಲಿ. ಅದರಿಂದ ಮಹಿಳಾ ತಂಡಗಳಿಗೆ ಹಣ, ಸ್ಕಾಲರ್‌ಶಿಪ್ ಬಂದವು. ಸಂಬಳ ಏರಿದಂತೆ ಆ ತಂಡಗಳನ್ನು ತರಬೇತು ಮಾಡುವ ಗಂಡಸರೂ ಹೆಚ್ಚಾದರು. ಕಾನೂನು ಬಂದಾಗ ಎಲ್ಲ ಆಟ ಸೇರಿ ಮಹಿಳಾ ತಂಡಗಳ ಕೋಚ್‌ಗಳಲ್ಲಿ 90% ಮೀರಿ ಹೆಂಗಸರಿದ್ದರು. ಈಗ ಅರ್ಧಕ್ಕಿಂತ ಕಡಿಮೆ. ಇದನ್ನು ಬೇಸರದಿಂದಲೇ ಬರೆಯಬೇಕಾಗಿದೆ.

ಇನ್ನು ದಿನದ ಕೆಲಸ. ಸೀಸನ್ನಿನಲ್ಲಿ ಆಟಗಾರ್ತಿಯರ ಸಮಯ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರುವಂತಿಲ್ಲ. ವಾರಕ್ಕೊಂದು ದಿನ ಪೂರ್ತಿ ರಜೆ. ಪಂದ್ಯದ ದಿನ 3 ಗಂಟೆ ಎಂದು ಲೆಕ್ಕ. ಗುರುವಾರ ಒಂದು, ಭಾನುವಾರ ಒಂದು ಪಂದ್ಯವಾದರೆ ಉಳಿಯುವುದು 14 ಗಂಟೆ. ಕೋರ್ಟಿನ ಪ್ರಾಕ್ಟೀಸ್, ಜಿಮ್, ವಿಡಿಯೊ ನೋಡುವುದು ಎಲ್ಲವೂ ಅದರೊಳಗೇ ಆಗಬೇಕು. ಹಾಗಾಗಿ ಪ್ರಾಕ್ಟೀಸ್ ಪ್ಲಾನ್ ನಿಮಿಷದ ಲೆಕ್ಕದಲ್ಲಿ ಬರೆದಿರುತ್ತಾರೆ.

ಅಸಿಸ್ಟೆಂಟ್‌ಗಳ ನಿಜವಾದ ಪರೀಕ್ಷೆ ಸ್ಕೌಟ್, ಅಂದರೆ ಎದುರಾಳಿಯ ಆಟವನ್ನು ಮೊದಲೇ ನೋಡಿ ಬರೆದಿಡುವುದು. ಎದುರಾಳಿಗಳನ್ನು ಸರದಿಯಂತೆ ಹಂಚಿಕೊಳ್ಳುತ್ತಾರೆ. ಭಾನುವಾರದ ಎದುರಾಳಿ ನಿಮ್ಮ ಪಾಲಿಗೆ ಬಂದರೆ ಗುರುವಾರದ ಪಂದ್ಯಕ್ಕೆ ಮುಂಚೆಯೇ ಅವರ ಇತ್ತೀಚಿನ ನಾಲ್ಕೈದು ಪಂದ್ಯ ಪೂರ್ತಿ ನೋಡಿ, ಸಿನರ್ಜಿ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಕ್ಲಿಪ್ ಆರಿಸಿ ಮುಗಿಸಿರಬೇಕು. ಅವರು ಹೆಚ್ಚು ಆಡಿಸುವ ಸೆಟ್‌ಗಳು (ಮೊದಲೇ ಹೊಂದಿಸಿದ ಚಲನೆಗಳು), ಬುಟ್ಟಿಯ ಕೆಳಗಿನ ಗೆರೆಯಾಚೆಯಿಂದ ಚೆಂಡು ಒಳಗೆಸೆಯುವ ಬೇಸ್‌ಲೈನ್ ಇನ್‌ಬೌಂಡ್, ಪ್ರತಿಯೊಬ್ಬಳೂ ಯಾವ ಕೈ ಕಡೆಗೆ ನುಗ್ಗುತ್ತಾಳೆ, ಚೆಂಡು ಸಿಕ್ಕೊಡನೆ ಶೂಟ್ ಮಾಡುವವಳೋ ಡ್ರಿಬಲ್ ಮಾಡಿ ಮಾಡುವವಳೋ. ಶನಿವಾರ ಇದನ್ನೆಲ್ಲ ಕೋರ್ಟಿನಲ್ಲಿ ನಿಧಾನವಾಗಿ ನಡೆದು ತೋರಿಸುತ್ತಾರೆ. ಎದುರಾಳಿ ತಂಡದಂತೆ ಆಡಲು ಬರುವವರು ಬಹಳ ಕಡೆ ಅದೇ ಕಾಲೇಜಿನ ಹುಡುಗರು, ಸಂಬಳವಿಲ್ಲದ ಪ್ರಾಕ್ಟೀಸ್ ಪ್ಲೇಯರ್‌ಗಳು. ಹೊಸ ಅಸಿಸ್ಟೆಂಟ್ ಎಡವುವುದು ಇಲ್ಲೇ: ಕಂಡದ್ದೆಲ್ಲ ಹೇಳಿಬಿಡುತ್ತಾರೆ. ಹದಿನೈದು ವಿಷಯ ತಲೆಯಲ್ಲಿಟ್ಟುಕೊಂಡ ಹುಡುಗಿ ಅರ್ಧ ಸೆಕೆಂಡ್ ತಡವಾಗಿ ಕದಲುತ್ತಾಳೆ, ಅಷ್ಟರಲ್ಲಿ ಚೆಂಡು ಬುಟ್ಟಿಗೆ ಬಿದ್ದಿರುತ್ತದೆ. ತಂಡಕ್ಕೆ ಮೂರು ವಿಷಯ, ಒಬ್ಬೊಬ್ಬಳಿಗೆ ಅವಳು ಕಾಯಬೇಕಾದವಳ ಬಗ್ಗೆ ಒಂದು ಸಾಲು, ವಿಡಿಯೊ ಹತ್ತು ಹನ್ನೆರಡು ನಿಮಿಷ. ಸಾಕು.

ಪ್ರಾಕ್ಟೀಸಿನಲ್ಲಿ ಅತಿ ಹೆಚ್ಚು ತಿದ್ದಬೇಕಾಗುವುದು ಕ್ಲೋಸ್‌ಔಟ್, ಅಂದರೆ ಸಹಾಯಕ್ಕೆ ಒಳಗೆ ಸರಿದವಳು ಶೂಟರ್ ಕಡೆಗೆ ಮತ್ತೆ ಓಡುವುದು. ಮೊದಲ ಮುಕ್ಕಾಲು ದಾರಿ ವೇಗದ ಓಟ, ಆಮೇಲೆ ಸಣ್ಣ ಹೆಜ್ಜೆ, ಸೊಂಟ ತಗ್ಗಿಸಿ ಒಂದು ಕೈ ಮೇಲೆ. ಕೊನೆವರೆಗೂ ನೆಟ್ಟಗೆ ಓಡಿದರೆ ಶೂಟರ್ ಒಂದು ಫೇಕ್ ಕೊಟ್ಟು ಪಕ್ಕದಲ್ಲೇ ನುಗ್ಗುತ್ತಾಳೆ, ಇನ್ನೊಬ್ಬಳು ಸಹಾಯಕ್ಕೆ ಬರುತ್ತಾಳೆ, ಅತ್ತ ಮೂಲೆಯಲ್ಲಿ ಮೂರು ಪಾಯಿಂಟಿನ ಶಾಟ್ ಖಾಲಿ ಸಿಗುತ್ತದೆ. 2021ರ ಸೀಸನ್‌ನಿಂದ ಆ ಮೂರು ಪಾಯಿಂಟಿನ ಗೆರೆ 22 ಅಡಿ 1¾ ಇಂಚಿಗೆ ಸರಿದಿರುವುದರಿಂದ ಓಡಬೇಕಾದ ದೂರವೂ ಜಾಸ್ತಿ.

ಆದರೂ ಕೆಲಸ ಉಳಿಸುವುದು, ಕಳೆಯುವುದು ರಿಕ್ರೂಟಿಂಗ್, ಅಂದರೆ ಆಟಗಾರ್ತಿಯರನ್ನು ತಂಡಕ್ಕೆ ಕರೆತರುವ ಕೆಲಸ. ಜುಲೈಯಲ್ಲಿ ಕ್ಲಬ್ ಟೂರ್ನಮೆಂಟುಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ನೋಡಬಹುದು. ಆದರೆ ಯಾರನ್ನು ಯಾವಾಗ ಮಾತಾಡಿಸಬಹುದು ಎನ್ನುವುದಕ್ಕೆಲ್ಲ ನಿಯಮವಿದೆ. ಸಾಲದ್ದಕ್ಕೆ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರ್ತಿಯರು ಹೆಸರು ಹಾಕುವ ಆನ್‌ಲೈನ್ ಪಟ್ಟಿ. 2018ರಲ್ಲಿ ಶುರುವಾಯಿತು; 2021ರಿಂದ ಒಂದು ಸಲ, 2024ರಿಂದ ಎಷ್ಟು ಸಲ ಬೇಕಾದರೂ, ಓದಿನಲ್ಲಿ ಹಿಂದೆ ಬೀಳದಿದ್ದರೆ, ಕಾಲೇಜು ಬದಲಿಸಿ ಮರುವರ್ಷವೇ ಆಡಬಹುದು. ಬೇರೆಡೆ ಹೆಚ್ಚು ದುಡ್ಡು ಕೊಡುತ್ತಾರೆಂದು ಹೊರಡುವವರೂ ಇದ್ದಾರೆ. ಹಾಗಾಗಿ ಏಪ್ರಿಲ್‌ನಲ್ಲಿ ಮೊದಲ ಕೆಲಸ ಹೊಸಬರನ್ನು ಹುಡುಕುವುದಲ್ಲ. ಇದ್ದವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮುಂದಿನ ವರ್ಷ ಅವರ ಪಾತ್ರವೇನು ಎಂದು ನೇರವಾಗಿ ಹೇಳುವುದು. ಸುಳ್ಳು ಆಸೆ ಕೊಟ್ಟವರ ತಂಡ ಮೊದಲು ಖಾಲಿಯಾಗುತ್ತದೆ.

ಸಂಬಳದ ಅಂತರ ಅಪಾರ. ಸೌತ್ ಕ್ಯಾರೊಲಿನಾದಲ್ಲಿ ಸ್ಟೇಲಿಯವರ 2025ರ ಒಪ್ಪಂದ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್. ಡಿವಿಷನ್ 3ರಲ್ಲಿ ಬಹಳ ಕಡೆ ಕೋಚ್ ಕೆಲಸದ ಜತೆಗೆ ಇನ್ನೊಂದು ಹುದ್ದೆಯನ್ನೂ ಹೊತ್ತಿರುತ್ತಾರೆ. ಹೆಡ್ ಕೋಚ್‌ರನ್ನು ತೆಗೆದರೆ ಅವರಿಗೆ ಉಳಿದ ಒಪ್ಪಂದದ ಹಣ ಸಿಗಬಹುದು. ಅಸಿಸ್ಟೆಂಟ್‌ಗಳು ಮಾತ್ರ ಮನೆ ಖಾಲಿ ಮಾಡಬೇಕಾದೀತು.

ಕರ್ನಾಟಕದಿಂದ ಬರುವವರಿಗೆ ದಾರಿ ಇದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ಪರ ಡಿವಿಷನ್ 1ರಲ್ಲಿ ಆಡಿದವರು. ಕೋಚಿಂಗ್ ಬೇಕೆನ್ನುವವರು ಸ್ಪೋರ್ಟ್ ಮ್ಯಾನೇಜ್‌ಮೆಂಟ್ ಅಥವಾ ಕಿನಿಸಿಯಾಲಜಿಯಲ್ಲಿ ಮಾಸ್ಟರ್ಸ್ ಆರಿಸಿ. ಮುಂದೆ ಒಪಿಟಿಯಲ್ಲಿ (ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಅಮೆರಿಕದಲ್ಲಿ ದುಡಿಯಲು ಸಿಗುವ ಅನುಮತಿ) ಸಿಗುವ ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಲೇಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಷ್ಟೇ. ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆಗಳು ಹೆಚ್ಚಾಗಿ ತೆರೆಯುವುದು ಮಾರ್ಚ್ ಕೊನೆಯಿಂದ ಮೇ ಒಳಗೆ. ಆಗ ಕಳಿಸುವ ಮೇಲ್‌ನಲ್ಲಿ ಬರೀ ರೆಸ್ಯೂಮೆ ಸಾಲದು. ಆ ಕಾಲೇಜು ಇರುವ ಕಾನ್ಫರೆನ್ಸಿನ (ಪರಸ್ಪರ ಆಡುವ ಕಾಲೇಜುಗಳ ಗುಂಪಿನ) ಒಂದು ತಂಡದ ಎರಡು ಪಂದ್ಯ ನೋಡಿ, ಎರಡು ಪುಟದ ಸ್ಕೌಟ್ ಬರೆದು, ಜತೆಗೆ ಆರೇಳು ಕ್ಲಿಪ್ ಲಗತ್ತಿಸಿ ಕಳಿಸಿ.